ಎಲ್ಲಾ ಬಿಲ್ಲೆಗಳೂ ಒಂದೇ ಥರ ಇದ್ದಾಗ ತಾಳ ಕೂಡಲಿಲ್ಲ: ಪೆರಾಕ್ಸೈಡ್ ಹನಿ ಮೇಲಿನ ಒಂದು ಪ್ರಕರಣ

ಇದು ಒಂದು ಎಂಎಸ್ಸಿ ಪ್ರಾಜೆಕ್ಟ್‌ನಲ್ಲಿ ನಡೆದ ವಿಷಯ, ಪೆರಾಕ್ಸೈಡ್ ಹನಿ ಮೇಲೆ ತೇಲೋ ಪುಟಾಣಿ ಪ್ಲಾಸ್ಟಿಕ್ ಬಿಲ್ಲೆಗಳು ಒಟ್ಟಿಗೆ ಒಂದು ತಾಳಕ್ಕೆ ಬಡಿಯೋ ಹಾಗೆ ಮಾಡೋ ಪ್ರಯೋಗ. ಲ್ಯಾಬ್ ಯಾವುದು, ಊರು ಯಾವುದು, ಪ್ರಾಜೆಕ್ಟ್ ಮಾಡಿದ ಹುಡುಗಿ ಯಾರು ಅನ್ನೋದನ್ನ ಬಿಟ್ಟಿದೀನಿ, ಗುರುತು ಸಿಗೋ ಅಂಥ ಸಣ್ಣಪುಟ್ಟ ವಿವರಗಳನ್ನೂ ತೆಗೆದಿದೀನಿ. ನಾನು ಆಗ ಆ ಲ್ಯಾಬ್‌ನಲ್ಲಿ ಪೋಸ್ಟ್‌ಡಾಕ್, ಅಂದ್ರೆ ಪಿಎಚ್‌ಡಿ ಮುಗಿಸಿ ಸಂಶೋಧನೆ ಮಾಡ್ತಿದ್ದವನು. ಅವಳ ದಿನದಿನದ ಕೆಲಸ ನೋಡ್ಕೊಳೋ ಜವಾಬ್ದಾರಿ ನಂದಾಗಿತ್ತು, ಹಾಗಾಗಿ ಕೆಳಗೆ ಬರೋ ತೀರ್ಮಾನಗಳಲ್ಲಿ ಸುಮಾರು ನಾಲ್ಕು ತಿಂಗಳು ತಿಂದ ತೀರ್ಮಾನ ನಂದೇ. ಅದನ್ನ ಬಿಡಿಸಿ ಬರಿಯೋಕೆ ಕಾರಣ ಏನಂದ್ರೆ, ಇದೇ ಥರದ ಪ್ರಯೋಗ ಮಾಡೋರು ಇದೇ ಜಾಗದಲ್ಲಿ ಸಿಕ್ಕಿಹಾಕ್ಕೊಳೋದನ್ನ ಆಮೇಲೆ ಇನ್ನೆರಡು ಕಡೆ ನೋಡಿದೀನಿ.

ಮೊದಲು ಹಿನ್ನೆಲೆ. ಹೈಡ್ರೋಜನ್ ಪೆರಾಕ್ಸೈಡ್ ಗೊತ್ತಿರತ್ತೆ, ಗಾಯಕ್ಕೆ ಹಾಕಿದ್ರೆ ಬುಸ್ ಅಂತ ಬಿಳಿ ನೊರೆ ಬರತ್ತಲ್ಲ, ಅದು. ಅಲ್ಲಿ ನಮ್ಮ ರಕ್ತದಲ್ಲಿರೋ ಕ್ಯಾಟಲೇಸ್ ಅನ್ನೋ ಕಿಣ್ವ ಅದನ್ನ ನೀರು ಮತ್ತು ಆಕ್ಸಿಜನ್ ಆಗಿ ಒಡೆಯತ್ತೆ. ಅದೇ ಕೆಲಸವನ್ನ ಪ್ಲಾಟಿನಂ ಕೂಡ ಮಾಡತ್ತೆ, ತಾನು ಮಾತ್ರ ಖರ್ಚಾಗಲ್ಲ. ಈ ಒಂದು ಗುಣವನ್ನ ಹಿಡ್ಕೊಂಡು 2004ರಲ್ಲಿ ಅಮೆರಿಕದ ಪೆನ್ ಸ್ಟೇಟ್ ಯೂನಿವರ್ಸಿಟಿಯವರು ಅರ್ಧ ಚಿನ್ನ ಅರ್ಧ ಪ್ಲಾಟಿನಂ ಇರೋ, 2 ಮೈಕ್ರಾನ್ (ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಉದ್ದದ ಕಡ್ಡಿಗಳನ್ನ ಪೆರಾಕ್ಸೈಡ್‌ನಲ್ಲಿ ಬಿಟ್ಟು ಅವು ತಾವಾಗೇ ಈಜೋದನ್ನ ತೋರಿಸಿದ್ರು. ಬ್ಯಾಟರಿ ಇಲ್ಲ, ಮೋಟರ್ ಇಲ್ಲ, ಸುತ್ತಲಿನ ದ್ರವವೇ ಇಂಧನ. ಆಮೇಲೆ 2010ರಲ್ಲಿ ಅಲ್ಲಿಯದೇ ಅಯುಸ್ಮಾನ್ ಸೇನ್ ಅವರ ಗುಂಪು ಸಿಲ್ವರ್ ಕ್ಲೋರೈಡ್ ಕಣಗಳನ್ನ ಪೆರಾಕ್ಸೈಡ್‌ನಲ್ಲಿ ಹಾಕಿ ಮೇಲಿಂದ ಯುವಿ ಬೆಳಕು ಬಿಟ್ಟಾಗ, ಕಣಗಳು ಒಟ್ಟಾಗಿ ಗುಂಪು ಕಟ್ಟೋದು, ಚದುರೋದು, ಮತ್ತೆ ಗುಂಪು ಕಟ್ಟೋದು, ಹೀಗೆ ಉಸಿರಾಡೋ ಥರ ಮಾಡ್ತವೆ ಅಂತ ತೋರಿಸ್ತು. ನನಗೆ ಈ ಕ್ಷೇತ್ರದ ಮೇಲೆ ಪ್ರೀತಿ ಹುಟ್ಟಿದ್ದೇ ಅದರಿಂದ. ಜೀವ ಇಲ್ಲದ ಉಪ್ಪಿನ ಕಣ, ಆದ್ರೂ ಎಲ್ಲಾ ಸೇರಿ ಒಂದು ಲಯ ಹಿಡಿತವೆ!

ನಮ್ಮ ಪ್ರಕರಣಕ್ಕೆ ನೇರ ಆಧಾರ ಮಾತ್ರ 2022ರ ಅಕ್ಟೋಬರ್‌ನಲ್ಲಿ ನೇಚರ್ ಕಮ್ಯುನಿಕೇಶನ್ಸ್ ಅನ್ನೋ ವಿಜ್ಞಾನ ಪತ್ರಿಕೆಯಲ್ಲಿ ಬಂದ ಕೆಲಸ. ಅಮೆರಿಕದ ಎಂಐಟಿಯ ಮೈಕೆಲ್ ಸ್ಟ್ರಾನೋ ಅವರ ಗುಂಪು ಮತ್ತು ನಾರ್ತ್‌ವೆಸ್ಟರ್ನ್ ಯೂನಿವರ್ಸಿಟಿಯವರು ಸೇರಿ ಮಾಡಿದ್ದು. ಎಸ್‌ಯು-8 ಅನ್ನೋ ಪ್ಲಾಸ್ಟಿಕ್ಕಿನ ತೆಳ್ಳಗಿನ ಪುಟಾಣಿ ಬಿಲ್ಲೆ, ಅದರ ಕೆಳಗಡೆ ಒಂದು ಪ್ಲಾಟಿನಂ ಬೊಟ್ಟು, ಅಷ್ಟೇ. ಇದನ್ನ ಪೆರಾಕ್ಸೈಡ್ ಹನಿ ಮೇಲೆ ತೇಲಿಬಿಟ್ರೆ ಬೊಟ್ಟಿನ ಹತ್ರ ಆಕ್ಸಿಜನ್ ಗುಳ್ಳೆ ಬೆಳೆಯತ್ತೆ. ಒಂದೇ ಬಿಲ್ಲೆ ಇದ್ರೆ ಏನೂ ಆಗಲ್ಲ, ಹುಟ್ಟೋ ಆಕ್ಸಿಜನ್ನೂ ಮೇಲಿನ ಗಾಳಿಗೆ ಸೋರಿಹೋಗೋ ಆಕ್ಸಿಜನ್ನೂ ಸಮ ಆದ ಮೇಲೆ ಗುಳ್ಳೆ ಬೆಳೆಯೋದು ನಿಂತು ಬಿಲ್ಲೆ ಸುಮ್ನೆ ಕೂತಿರತ್ತೆ. ಎರಡು ಬಿಲ್ಲೆ ಇದ್ರೆ ಕಥೆ ಬೇರೆ. ಎರಡೂ ಹತ್ರ ಬರ್ತವೆ, ಗುಳ್ಳೆಗೆ ಗುಳ್ಳೆ ತಾಗಿ ಒಡೆಯತ್ತೆ, ಒಡೆದ ರಭಸಕ್ಕೆ ಎರಡೂ ದೂರ ಹೋಗ್ತವೆ, ಮತ್ತೆ ಹೊಸ ಗುಳ್ಳೆ ಶುರು, ಮತ್ತೆ ಹತ್ರ, ಮತ್ತೆ ಒಡೆತ. ಹೀಗೆ ಕೆಲವು ಸೆಕೆಂಡಿಗೆ ಒಂದು ಬಡಿತ. ಇಷ್ಟು ಸಣ್ಣ ವಸ್ತುವಿನಲ್ಲಿ ಇಷ್ಟು ನಿಧಾನದ ಬಡಿತ ಸಿಗೋದು ದೊಡ್ಡ ವಿಷಯ, ಯಾಕಂದ್ರೆ ಎಲೆಕ್ಟ್ರಾನಿಕ್ಸ್‌ನಲ್ಲಿ ವೇಗ ಸುಲಭ, ನಿಧಾನ ಕಷ್ಟ. ನಿಧಾನ ಬೇಕು ಅಂದ್ರೆ ದೊಡ್ಡ ಕೆಪಾಸಿಟರ್ ದೊಡ್ಡ ರೆಸಿಸ್ಟರ್ ಬೇಕು, ಕಣ್ಣಿಗೆ ಕಾಣದ ರೋಬಾಟ್ ಮೈಮೇಲೆ ಅದಕ್ಕೆ ಜಾಗ ಎಲ್ಲಿದೆ.

ಆ ಪೇಪರ್‌ನಲ್ಲಿ ಇನ್ನೊಂದು ಮಾತಿತ್ತು. ಎರಡಕ್ಕಿಂತ ಹೆಚ್ಚು ಬಿಲ್ಲೆ ಹಾಕಿದ್ರೆ ಲಯ ಕೆಡತ್ತೆ, ಆದ್ರೆ ಅವುಗಳ ಜೊತೆ ಸ್ವಲ್ಪ ದೊಡ್ಡ ಬೊಟ್ಟು ಇರೋ ಒಂದು ಬಿಲ್ಲೆ ಸೇರಿಸಿದ್ರೆ ಲಯ ವಾಪಸ್ ಬರತ್ತೆ, ಹಾಗೆ 11 ಬಿಲ್ಲೆವರೆಗೂ ಮಾಡಿದ್ರು. ಆ ಬೇರೆ ಬಿಲ್ಲೆಯನ್ನ ಲೀಡರ್ ಅಂತ ಕರೀತಾರೆ. ನಾವು ಈ ಮಾತನ್ನ ಓದಿದ್ವಿ, ಅಂಡರ್‌ಲೈನ್ ಕೂಡ ಮಾಡಿದ್ವಿ, ಆದ್ರೆ ಅದನ್ನ ಅರ್ಥ ಮಾಡ್ಕೊಂಡಿರಲಿಲ್ಲ.

ಶುರುವಾದ ರೀತಿ

ಮೇಡಂ, ಅಂದ್ರೆ ಲ್ಯಾಬ್‌ನ ಮುಖ್ಯಸ್ಥರು, ಕೊಟ್ಟ ಕೆಲಸ ಸರಳವಾಗಿತ್ತು. ಇದನ್ನ ನಮ್ಮ ಲ್ಯಾಬ್‌ನಲ್ಲಿ ಮಾಡಿ ತೋರ್ಸಿ, ಆಮೇಲೆ ಮುಂದಿಂದು ನೋಡೋಣ ಅಂದ್ರು. ಹುಡುಗಿ ಫಿಸಿಕ್ಸ್ ಓದಿದವಳು, ಕೈ ಬಹಳ ಸ್ಥಿರ, ಟ್ವೀಜರ್ ಹಿಡಿದ್ರೆ ನಡುಗಲ್ಲ. ಬಿಲ್ಲೆ ನಾವು ಮಾಡಿದ್ದು 0.5 ಮಿಲಿಮೀಟರ್ ಅಗಲ, 10 ಮೈಕ್ರಾನ್ ದಪ್ಪ. ಸಿಲಿಕಾನ್ ವೇಫರ್ (ತೆಳು ತಟ್ಟೆ) ಮೇಲೆ ಮೊದಲು ಕರಗೋ ಪದರ, ಅದರ ಮೇಲೆ ಎಸ್‌ಯು-8, ಮಾಸ್ಕ್ (ಬೇಕಾದ ಆಕಾರದಲ್ಲಿ ಮಾತ್ರ ಬೆಳಕು ಬಿಡೋ ಅಚ್ಚು) ಇಟ್ಟು ಯುವಿ, ಆಮೇಲೆ ಎರಡನೇ ಸಲ ಲಿಥೋಗ್ರಫಿ, ಅಂದ್ರೆ ಹೀಗೆ ಬೆಳಕಿನಿಂದ ಆಕಾರ ಮೂಡಿಸೋದು, ತೆಳ್ಳಗೆ ಟೈಟಾನಿಯಂ, ಅದರ ಮೇಲೆ ಪ್ಲಾಟಿನಂ, ಲಿಫ್ಟ್-ಆಫ್ (ಬೊಟ್ಟು ಬಿಟ್ಟು ಉಳಿದ ಲೋಹವನ್ನ ಎಬ್ಬಿಸಿ ತೆಗೆಯೋದು), ಕೊನೆಗೆ ಕೆಳಗಿನ ಪದರ ಕರಗಿಸಿ ಬಿಲ್ಲೆಗಳನ್ನ ಬಿಡಿಸೋದು. ಹೀಗೆ ಮಾಡಿದಾಗ ಪ್ಲಾಟಿನಂ ಬೊಟ್ಟು ಮೇಲ್ಗಡೆ ಇರತ್ತೆ, ನಮಗೆ ಬೇಕಿರೋದು ಕೆಳಗಡೆ, ಅಂದ್ರೆ ಪ್ರತಿ ಬಿಲ್ಲೆಯನ್ನೂ ಮಗುಚಿ ಹನಿ ಮೇಲೆ ಇಡಬೇಕು. ಮೊದಲ ಎರಡು ವಾರ "ಏನೂ ಆಗ್ತಿಲ್ಲ ಅಣ್ಣ" ಅಂತ ಅವಳು ಬಂದಿದ್ದಕ್ಕೆ ಅರ್ಧ ಕಾರಣ ಇದೇ, ಬೊಟ್ಟು ಗಾಳಿ ಕಡೆ ಮುಖ ಮಾಡ್ಕೊಂಡು ಕೂತಿತ್ತು, ದ್ರವ ತಾಗದ ಪ್ಲಾಟಿನಂ ಏನು ಮಾಡತ್ತೆ.

ಇನ್ನರ್ಧ ಕಾರಣ ಪಾತ್ರೆ. ಹನಿ ಬೇಗ ಒಣಗತ್ತೆ, ಎಸಿ ಗಾಳಿಗೆ ಅಲ್ಲಾಡತ್ತೆ, ಕ್ಯಾಮೆರಾ ಫೋಕಸ್ ತಪ್ಪತ್ತೆ ಅಂತ ನಾವು ಹನಿ ಬಿಟ್ಟು ಸಣ್ಣ ಪೆಟ್ರಿ ಡಿಶ್‌ನಲ್ಲಿ ಪೆರಾಕ್ಸೈಡ್ ತುಂಬಿ ಬಿಲ್ಲೆ ಬಿಟ್ವಿ. ಗುಳ್ಳೆ ಚೆನ್ನಾಗಿ ಬಂತು, ಆದ್ರೆ ಎಲ್ಲಾ ಬಿಲ್ಲೆಗಳೂ ಒಂದೊಂದಾಗಿ ಹೋಗಿ ಡಿಶ್‌ನ ಗೋಡೆಗೆ ಅಂಟ್ಕೊಂಡು ಅಲ್ಲೇ ಕೂತ್ವು. ಕಾಫಿ ಲೋಟದಲ್ಲಿ ನೊರೆ ಗುಳ್ಳೆ ಅಂಚಿಗೆ ಸರಿಯೋದನ್ನ ದಿನಾ ನೋಡ್ತೀವಿ, ಅದೇ ಇದು. ಗಾಜಿನ ಪಾತ್ರೆಯಲ್ಲಿ ನೀರಿನ ಮೇಲ್ಮೈ ಗೋಡೆ ಹತ್ರ ಸ್ವಲ್ಪ ಮೇಲಕ್ಕೇರಿರತ್ತೆ, ಗುಳ್ಳೆ ಯಾವಾಗ್ಲೂ ಎತ್ತರದ ಕಡೆಗೆ ಹೋಗತ್ತೆ. ಹನಿಯಲ್ಲಿ ಎತ್ತರದ ಜಾಗ ನೆತ್ತಿ, ಹಾಗಾಗಿ ಎಲ್ಲಾ ಬಿಲ್ಲೆಗಳೂ ನೆತ್ತಿಗೆ ಬಂದು ಸೇರ್ತವೆ. ಹನಿಯ ಆಕಾರ ಇಲ್ಲಿ ಬರೀ ಪಾತ್ರೆ ಅಲ್ಲ, ಬಿಲ್ಲೆಗಳನ್ನ ಒಟ್ಟಿಗೆ ಹಿಡಿದಿಡೋ ಕೈ ಅದೇ. ಅನುಕೂಲ ಅಂತ ಅದನ್ನೇ ತೆಗೆದುಹಾಕಿದ್ವಿ! ದೊಡ್ಡ ಹನಿನೂ ಆಗಲ್ಲ, ನೀರಿಗೆ ಸುಮಾರು 2.7 ಮಿಲಿಮೀಟರ್ ಅನ್ನೋ ಒಂದು ಅಳತೆ ಇದೆ, ಹನಿ ಅದಕ್ಕಿಂತ ಬಹಳ ದೊಡ್ಡದಾದ್ರೆ ಭಾರಕ್ಕೆ ತಲೆ ಚಪ್ಪಟೆ ಆಗತ್ತೆ, ನೆತ್ತಿ ಅನ್ನೋದೇ ಇರಲ್ಲ.

ಕೊನೆಗೆ ನೀರು ಅಂಟದ ಹಾಗೆ ಕೋಟಿಂಗ್ ಮಾಡಿದ ಸ್ಲೈಡ್ ಮೇಲೆ 20 ಮೈಕ್ರೋಲೀಟರ್ ಹನಿ, ಅಂದ್ರೆ ಬುಡದಲ್ಲಿ ಸುಮಾರು 4 ಮಿಲಿಮೀಟರ್ ಅಗಲ, ಶೇ. 10ರ ಪೆರಾಕ್ಸೈಡ್. ಸುತ್ತ ಅಕ್ರಿಲಿಕ್ ಶೀಟಿನ ನಾಲ್ಕು ಗೋಡೆ, ಮೇಲ್ಗಡೆ ತೆರೆದಿದ್ದು, ಯಾಕಂದ್ರೆ ಮುಚ್ಚಿದ್ರೆ ಮುಚ್ಚಳದಲ್ಲಿ ಹಬೆ ಕೂತು ಕ್ಯಾಮೆರಾಗೆ ಏನೂ ಕಾಣಲ್ಲ. ಒಂದು ಲೆಕ್ಕ ಹೇಳ್ತೀನಿ, ಆ ಹನಿಯಲ್ಲಿ ಇರೋ ಪೆರಾಕ್ಸೈಡ್ ಬರೀ 2 ಮಿಲಿಗ್ರಾಂ, ಆದ್ರೆ ಪೂರ್ತಿ ಒಡೆದ್ರೆ ಬರೋ ಆಕ್ಸಿಜನ್ ಸುಮಾರು 0.7 ಮಿಲಿಲೀಟರ್, ಹನಿಯ ಗಾತ್ರದ 35 ಪಟ್ಟು. ಇಂಧನಕ್ಕೆ ಬರ ಇರಲಿಲ್ಲ. (ಮಾಡೋರಿಗೆ ಒಂದು ಮಾತು: ಬಾಟಲಿಯಲ್ಲಿ ಬರೋದು ಶೇ. 30ರದ್ದು, ಚರ್ಮಕ್ಕೆ ತಾಗಿದ್ರೆ ಬಿಳಿಚಿಕೊಂಡು ಉರಿಯತ್ತೆ, ಕಣ್ಣಿಗೆ ಬಿದ್ರೆ ಕಥೆ ಮುಗೀತು, ಗ್ಲೌಸ್ ಕನ್ನಡಕ ಇಲ್ದೆ ಮುಟ್ಟಬೇಡಿ. ಪ್ಲಾಟಿನಂ ಬಿದ್ದಿರೋ ಪೆರಾಕ್ಸೈಡನ್ನ ಗಟ್ಟಿ ಮುಚ್ಚಳದ ಬಾಟಲಿಗೆ ಯಾವತ್ತೂ ವಾಪಸ್ ಹಾಕಬೇಡಿ, ಒಳಗೆ ಒತ್ತಡ ಏರಿ ಸಿಡಿಯತ್ತೆ.)

ಎರಡು ಬಿಲ್ಲೆ ಇಟ್ವಿ. ಬಡೀತು! ಸುಮಾರು 4 ಸೆಕೆಂಡಿಗೊಂದ್ಸಲ, ಗಡಿಯಾರದ ಥರ. ಅವತ್ತು ಸಂಜೆ ಅವಳು ಫೋನಲ್ಲಿ ಮನೆಯವರಿಗೆ ವಿಡಿಯೋ ಕಳಿಸಿದ್ಲು, ಅವರಮ್ಮ ಇದು ಜೀವ ಇರೋ ಹುಳನಾ ಅಂತ ಕೇಳಿದ್ರಂತೆ.

ಮೂರನೇ ಬಿಲ್ಲೆ

ಮೂರು ಹಾಕಿದಾಗ ಕೆಡ್ತು. ನಾಲ್ಕು ಹಾಕಿದಾಗ ಇನ್ನೂ ಕೆಡ್ತು. ಬಡಿತ ಇರ್ತಿತ್ತು, ಲಯ ಇರ್ತಿರಲಿಲ್ಲ, ಒಂದ್ಸಲ ಎರಡು ಸೆಕೆಂಡಿಗೆ ಒಡೆಯತ್ತೆ, ಆಮೇಲೆ ಒಂಬತ್ತು ಸೆಕೆಂಡ್ ಏನೂ ಇಲ್ಲ, ಆಮೇಲೆ ಬೆನ್ನುಬೆನ್ನಿಗೆ ಎರಡು. ಪೇಪರ್‌ನಲ್ಲಿ ಹೇಳಿದ್ದೇ ಇದು, ಹಾಗಾಗಿ ಆಶ್ಚರ್ಯ ಏನಿಲ್ಲ. ಅಲ್ಲಿಂದ ನೇರ ಲೀಡರ್ ಮಾಡೋಕೆ ಹೋಗಬಹುದಿತ್ತು. ಹುಡುಗಿ ಅದನ್ನೇ ಕೇಳಿದ್ಲು ಕೂಡ, "ಅಣ್ಣ, ದೊಡ್ಡ ಬೊಟ್ಟಿನ ಮಾಸ್ಕ್ ಒಂದು ಆರ್ಡರ್ ಮಾಡೋಣ್ವಾ?" ಅಂತ.

ನಾನು ಬೇಡ ಅಂದೆ. ನನ್ನ ತಲೆಯಲ್ಲಿ ಇದ್ದಿದ್ದು ಇಷ್ಟು: ಲಯ ಕೆಡೋದು ಬಿಲ್ಲೆಗಳ ನಡುವಿನ ಸಣ್ಣ ಸಣ್ಣ ವ್ಯತ್ಯಾಸದಿಂದ, ಒಂದರ ಬೊಟ್ಟು ಸ್ವಲ್ಪ ದೊಡ್ಡದು, ಇನ್ನೊಂದರ ಬೊಟ್ಟು ನಡುವಿಂದ ಸ್ವಲ್ಪ ಆಚೆ, ಮತ್ತೊಂದರ ಪ್ಲಾಟಿನಂ ಸ್ವಲ್ಪ ಕೊಳೆ. ಇದನ್ನೆಲ್ಲಾ ಸರಿಮಾಡಿ ಒಂದರ ಪಡಿಯಚ್ಚು ಇನ್ನೊಂದು ಅನ್ನೋ ಹಾಗೆ ಮಾಡಿದ್ರೆ ಲೀಡರ್ ಇಲ್ದೇನೇ ಲಯ ಬರಬೇಕು, ಲೀಡರ್ ಅನ್ನೋದು ಬರೀ ಒಂದು ತೇಪೆ, ಮೂಲ ರೋಗ ಬೇರೆ ಇದೆ ಅಂತ. ಇದು ಮೂರ್ಖತನದ ಯೋಚನೆ ಅಂತ ನನಗೆ ಈಗಲೂ ಅನ್ಸಲ್ಲ. ಲ್ಯಾಬ್‌ನಲ್ಲಿ ಬೆಳೆದ ಯಾರೇ ಆದ್ರೂ ಮೊದಲು ಹಾಗೇ ಯೋಚನೆ ಮಾಡೋದು, ಅಳತೆ ಚೆಲ್ಲಾಪಿಲ್ಲಿ ಬಂದ್ರೆ ಸ್ಯಾಂಪಲ್ ಸರಿಯಿಲ್ಲ ಅನ್ನೋದು ನಮಗೆ ರಕ್ತಗತ ಆಗಿರತ್ತೆ. ತಪ್ಪಾಗಿದ್ದು ಎಲ್ಲಿ ಅಂದ್ರೆ, ಆ ಊಹೆಯನ್ನ ಪರೀಕ್ಷೆ ಮಾಡೋ ಬದಲು ಅದರ ಮೇಲೆ ಕೆಲಸ ಕಟ್ಟೋಕೆ ಶುರು ಮಾಡಿದ್ದು. ಅಗ್ಗದ ಪರೀಕ್ಷೆ ಕಣ್ಣಮುಂದೆ ಇತ್ತು, ವ್ಯತ್ಯಾಸ ಕಮ್ಮಿ ಇರೋ ಮೂರು ಬಿಲ್ಲೆ ಆರಿಸಿ ಒಂದು ಸಲ, ಬೇಕಂತಲೇ ವ್ಯತ್ಯಾಸ ಜಾಸ್ತಿ ಇರೋ ಮೂರು ಆರಿಸಿ ಒಂದು ಸಲ. ಒಂದು ಮಧ್ಯಾಹ್ನದ ಕೆಲಸ. ಮಾಡಲಿಲ್ಲ.

ಅದರ ಬದಲು ಏನು ಮಾಡಿದ್ವಿ? ಲಿಫ್ಟ್-ಆಫ್ ಮೂರು ಸಲ ಬದಲಾಯಿಸಿದ್ವಿ, ಪ್ಲಾಟಿನಂ ಶುಚಿ ಮಾಡೋ ವಿಧಾನ ಬದಲಾಯಿಸಿದ್ವಿ, ಪ್ರತಿ ಬಿಲ್ಲೆಯನ್ನೂ ಮೈಕ್ರೋಸ್ಕೋಪ್ ಕೆಳಗೆ ನೋಡಿ ಬೊಟ್ಟಿನ ಅಳತೆಯಲ್ಲಿ ಶೇ. 5ಕ್ಕಿಂತ ಹೆಚ್ಚು ವ್ಯತ್ಯಾಸ ಇದ್ರೆ ರಿಜೆಕ್ಟ್ ಅಂತ ನಿಯಮ ಮಾಡಿದ್ವಿ. ರಿಜೆಕ್ಟ್ ಡಬ್ಬಿ ತುಂಬ್ತಾ ಹೋಯ್ತು. ಬಿಲ್ಲೆಗಳು ನಿಜಕ್ಕೂ ಚೆನ್ನಾಗಿ ಬಂದ್ವು, ಅವಳ ಕೈಗೆ ಅಷ್ಟು ನಯ ಇತ್ತು, ಆದ್ರೆ ನಾಲ್ಕು ಬಿಲ್ಲೆಯ ಲಯ ಮಾತ್ರ ಒಂದಿಂಚೂ ಸುಧಾರಿಸಲಿಲ್ಲ.

ಸುಧಾರಿಸಲಿಲ್ಲ ಅನ್ನೋದು ನಮಗೆ ತಡವಾಗಿ ಗೊತ್ತಾಯ್ತು, ಅದು ಈ ಪ್ರಕರಣದ ಇನ್ನೊಂದು ಮುಖ್ಯ ವಿಷಯ. ಪ್ರತಿ ವಿಡಿಯೋದಿಂದ ನಾವು ತೆಗೀತಿದ್ದ ಸಂಖ್ಯೆ ಒಂದೇ: ಹತ್ತು ನಿಮಿಷದಲ್ಲಿ ಎಷ್ಟು ಸಲ ಗುಳ್ಳೆ ಒಡೀತು, ಅದರಿಂದ ಎರಡು ಒಡೆತದ ನಡುವಿನ ಸರಾಸರಿ ಸಮಯ. ಆ ಸರಾಸರಿ ನೋಡೋಕೆ ಬಹಳ ಚೆನ್ನಾಗಿತ್ತು! ಎರಡು ಬಿಲ್ಲೆಗೂ ನಾಲ್ಕು ಸೆಕೆಂಡಿನ ಹತ್ರ, ನಾಲ್ಕು ಬಿಲ್ಲೆಗೂ ನಾಲ್ಕು ಸೆಕೆಂಡಿನ ಹತ್ರ. ಗ್ರೂಪ್ ಮೀಟಿಂಗ್‌ನಲ್ಲಿ ನಾನೇ ಆ ಟೇಬಲ್ ತೋರಿಸಿ ಸುಧಾರಣೆ ಆಗ್ತಿದೆ ಅಂದೆ. ಮೇಡಂ ಸ್ವಲ್ಪ ಹೊತ್ತು ಸುಮ್ನಿದ್ದು, "ಸರಾಸರಿ ಬಿಡಿ. ಒಂದಾದ ಮೇಲೊಂದು ಎಷ್ಟೆಷ್ಟು ಹೊತ್ತಿಗೆ ಒಡೀತು ಅನ್ನೋದನ್ನ ಹಾಗೇ ಸಾಲಾಗಿ ಬರೆದು ತೋರ್ಸಿ" ಅಂದ್ರು.

ಒಡೆತಕ್ಕೊಂದು ಗೀಟಿನ ಹಾಗೆ ಸಾಲಾಗಿ ಬರೆದು ಗೋಡೆಗೆ ಅಂಟಿಸಿದಾಗ ಕಣ್ಣಿಗೆ ಹೊಡೆಯೋ ಹಾಗೆ ಕಾಣಿಸ್ತು. ಎರಡು ಬಿಲ್ಲೆಯದ್ದು ಸಮವಾಗಿ ನೆಟ್ಟ ಬೇಲಿಗೂಟದ ಥರ ಗೀಟುಗಳು. ನಾಲ್ಕು ಬಿಲ್ಲೆಯದ್ದು ಮಳೆ ಹನಿ ಬಿದ್ದ ಧೂಳಿನ ಥರ, ಮೊದಲ ತಿಂಗಳಿನದ್ದಕ್ಕೂ ನಾಲ್ಕನೇ ತಿಂಗಳಿನದ್ದಕ್ಕೂ ಯಾವ ವ್ಯತ್ಯಾಸವೂ ಇಲ್ಲ. ನಾಲ್ಕು ತಿಂಗಳು ಬಿಲ್ಲೆಗಳನ್ನ ಒಂದೇ ಥರ ಮಾಡೋದ್ರಲ್ಲಿ ಹೋಗಿತ್ತು. ಅದರ ಫಲ ಸೊನ್ನೆ ಅಂತ ಆ ಗೋಡೆ ಹೇಳ್ತಿತ್ತು.

ಬಾಲ ಇರೋ ಬೊಟ್ಟು

ಅವತ್ತು ರಾತ್ರಿ ಅವಳು ಹಳೇ ವಿಡಿಯೋಗಳನ್ನೆಲ್ಲಾ ಮತ್ತೆ ಹಾಕಿ, ಈ ಸಲ ಸರಾಸರಿ ಬದಲು ಗೀಟು ಹಾಕ್ತಾ ಕೂತ್ಲು. ಲೆಕ್ಕಕ್ಕೆ ತಗೊಂಡ ವಿಡಿಯೋಗಳು ಮುಗಿದ ಮೇಲೆ ಬಿಟ್ಟುಹಾಕಿದ ವಿಡಿಯೋಗಳನ್ನೂ ಹಾಕಿದ್ಲು, ಯಾರೂ ಹೇಳಿರಲಿಲ್ಲ, ತಾನಾಗೇ. ಮಾರನೇ ದಿನ ಬೆಳಿಗ್ಗೆ ನಾನು ಬರೋವಷ್ಟರಲ್ಲಿ ಲ್ಯಾಪ್‌ಟಾಪ್ ತೆರೆದು ಕಾಯ್ತಿದ್ಲು.

ನಾಲ್ಕು ಬಿಲ್ಲೆಯ ಒಂದು ವಿಡಿಯೋ, ಹನ್ನೊಂದು ನಿಮಿಷದ್ದು, ಬೇಲಿಗೂಟದ ಥರ ಗೀಟು. ನೋಟ್‌ಬುಕ್‌ನಲ್ಲಿ ಆ ದಿನದ ಪುಟದಲ್ಲಿ ಅವಳೇ ಬರೆದಿದ್ದು: "ಬಿಲ್ಲೆ 17ರ ಬೊಟ್ಟಿಗೆ ಬಾಲ ಇದೆ, ರಿಜೆಕ್ಟ್ ಟ್ರೇಯಿಂದ ತಪ್ಪಿ ಬಂದಿದೆ, ಈ ವಿಡಿಯೋ ಲೆಕ್ಕಕ್ಕಿಲ್ಲ." ಲಿಫ್ಟ್-ಆಫ್ ಸರಿಯಾಗಿ ಆಗದೆ ಬೊಟ್ಟಿನ ಪಕ್ಕ ಒಂದಿಷ್ಟು ಪ್ಲಾಟಿನಂ ಉಳ್ಕೊಂಡಿತ್ತು, ಹಾಗಾಗಿ ಅದರ ಬೊಟ್ಟು ಉಳಿದ ಮೂರಕ್ಕಿಂತ ದೊಡ್ಡದು. ಅಂದ್ರೆ ನಮಗೆ ಗೊತ್ತಿಲ್ಲದ ಹಾಗೆ ಒಂದು ಲೀಡರ್ ಹುಟ್ಟಿತ್ತು, ನಾವು ಮಾಡಿದ ನಿಯಮ ಅದನ್ನ ಹುಡುಕಿ ಹುಡುಕಿ ಹೊರಗೆ ಹಾಕ್ತಿತ್ತು.

ಇಲ್ಲಿ ಅವಳು ಮಾಡಿದ್ದನ್ನ ನಾನು ಇವತ್ತಿಗೂ ಹೊಸ ವಿದ್ಯಾರ್ಥಿಗಳಿಗೆ ಹೇಳ್ತೀನಿ. ನಾನು ಖುಷಿಯಲ್ಲಿ ತಕ್ಷಣ ಮಾಸ್ಕ್ ಆರ್ಡರ್ ಮಾಡೋಣ ಅಂದೆ. ಅವಳು, "ಇರಿ ಅಣ್ಣ, ಒಂದೇ ವಿಡಿಯೋ ಇದು, ಅವತ್ತಿನ ಹನಿನೇ ಚೆನ್ನಾಗಿತ್ತೋ ಏನೋ" ಅಂದ್ಲು. ರಿಜೆಕ್ಟ್ ಡಬ್ಬಿಯಿಂದ ಬೊಟ್ಟು ದೊಡ್ಡದಿರೋ ಬಿಲ್ಲೆಗಳನ್ನ ಆರಿಸಿದ್ಲು. ಪಕ್ಕದ ಟೇಬಲ್ಲಿನ ಗೆಳತಿಗೆ ಹನಿ ಮೇಲೆ ಬಿಲ್ಲೆ ಇಡೋ ಕೆಲಸ ಕೊಟ್ಲು, ಕೆಲವು ಹನಿಗೆ ನಾಲ್ಕೂ ಒಂದೇ ಥರದ್ದು, ಕೆಲವಕ್ಕೆ ಮೂರು ಒಂದೇ ಥರ ಮತ್ತು ಒಂದು ದೊಡ್ಡ ಬೊಟ್ಟಿನದ್ದು, ಯಾವುದು ಯಾವ್ದು ಅಂತ ತನಗೆ ಹೇಳಬಾರದು ಅಂತ. ಗೀಟು ಹಾಕಿ ಲಯ ಇದೆ ಇಲ್ಲ ಅಂತ ಬರೆದಿಟ್ಟ ಮೇಲೇ ಗೆಳತಿಯ ಚೀಟಿ ತೆಗೆದು ನೋಡಿದ್ವಿ. ಬಹುಪಾಲು ಹೊಂದಿತು. ಹೊಂದದ ಒಂದೆರಡರಲ್ಲಿ ದೊಡ್ಡ ಬೊಟ್ಟಿನ ಬಿಲ್ಲೆ ಹನಿಯ ಅಂಚಲ್ಲಿ ಸಿಕ್ಕಿಹಾಕ್ಕೊಂಡು ನೆತ್ತಿಗೆ ಬಂದೇ ಇರಲಿಲ್ಲ, ಅದು ವಿಡಿಯೋದಲ್ಲಿ ಕಾಣ್ತಿತ್ತು. ಮೇಡಂಗೆ ತೋರಿಸಿದಾಗ ಅವರು ಕೇಳಿದ ಮೊದಲ ಪ್ರಶ್ನೆಯೂ ಇದೇ, ನಡುವಿಗೆ ಯಾವುದು ಬಂದಿತ್ತು ಅಂತ.

ಆ ಪ್ರಶ್ನೆಯಿಂದ ನಮಗೆ ಒಳಗಿನ ಕೆಲಸ ಅರ್ಥ ಆಯ್ತು. ಮೂರು ಬಿಲ್ಲೆ ಒಂದೇ ಥರ ಇದ್ದಾಗ ಯಾವ ಜೋಡಿ ಮೊದಲು ತಾಗತ್ತೆ ಅನ್ನೋದಕ್ಕೆ ಕಾರಣನೇ ಇಲ್ಲ. ಒಂದು ಎರಡು ತಾಗಿ ಒಡೆದ್ರೆ ಆ ಎರಡರ ಗುಳ್ಳೆ ಸೊನ್ನೆಗೆ ಬಂತು, ಮೂರನೇದರ ಗುಳ್ಳೆ ಅರ್ಧ ಬೆಳೆದು ಹಾಗೇ ಇದೆ. ಮುಂದಿನ ಸಲ ಆ ಮೂರನೇದು ಇವೆರಡರಲ್ಲಿ ಯಾವುದಕ್ಕೆ ತಾಗತ್ತೋ, ಎಷ್ಟು ಬೇಗ ತಾಗತ್ತೋ, ಅದು ಹೋದ ಸಲ ಯಾವುದು ಎತ್ತ ಹಾರಿತ್ತು ಅನ್ನೋದರ ಮೇಲೆ. ಒಂದು ಕೂದಲೆಳೆ ಆಚೀಚೆ ಆದ್ರೂ ಮುಂದಿನ ಸರದಿ ಬದಲು, ಅದರಿಂದ ಅದರ ಮುಂದಿಂದು ಬದಲು. ಬಿಲ್ಲೆಗಳನ್ನ ಎಷ್ಟು ಒಂದೇ ಥರ ಮಾಡಿದ್ರೂ ಇದು ಸರಿಹೋಗಲ್ಲ, ಯಾಕಂದ್ರೆ ಗೊಂದಲ ಇರೋದು ಬಿಲ್ಲೆಯೊಳಗೆ ಅಲ್ಲ, ಸರದಿಯಲ್ಲಿ. ಯಾರು ಯಾರ ಜಾಗಕ್ಕೆ ಬಂದ್ರೂ ವ್ಯತ್ಯಾಸ ಆಗಲ್ಲ ಅನ್ನೋ ಸಮಾನತೆಯೇ ಇಲ್ಲಿ ಸರದಿ ನಿಲ್ಲದ ಹಾಗೆ ಮಾಡ್ತಿತ್ತು.

ದೊಡ್ಡ ಬೊಟ್ಟಿನ ಬಿಲ್ಲೆ ಬಂದಾಗ ಏನಾಗತ್ತೆ ನೋಡಿ. ಅದರ ಗುಳ್ಳೆ ದೊಡ್ಡದು, ಹಾಗಾಗಿ ನೆತ್ತಿಗೆ ಅದೇ ಹೋಗಿ ಕೂರತ್ತೆ, ಉಳಿದವು ಅದರ ಸುತ್ತ. ಈಗ ಪ್ರತಿ ಬಿಲ್ಲೆಗೂ ತಾಗೋಕೆ ಒಂದೇ ಗುಳ್ಳೆ ಇದೆ, ನಡುವಿಂದು. ಅದು ಒಡೆದಾಗ ಎಲ್ಲವೂ ಒಟ್ಟಿಗೆ ಹೊರಗೆ ಹಾರ್ತವೆ, ಎಲ್ಲರ ಲೆಕ್ಕವೂ ಒಂದೇ ಸಲ ಸೊನ್ನೆಗೆ ಬರತ್ತೆ, ಎಲ್ಲವೂ ಒಟ್ಟಿಗೆ ವಾಪಸ್ ಬರ್ತವೆ. ನಮ್ಮೂರ ಭಜನೆಮನೆಯಲ್ಲಿ ತಾಳ ಹಿಡಿದವರು ನಾಲ್ಕು ಜನ ಇದ್ದಾಗ ಯಾರೂ ಮೃದಂಗದ ಕಡೆ ಕಿವಿ ಕೊಡದೆ ಒಬ್ಬರನ್ನೊಬ್ಬರು ನೋಡ್ಕೊಂಡು ಹಾಕಿದ್ರೆ ಎರಡನೇ ಚರಣಕ್ಕೆ ತಾಳ ಚದುರಿಹೋಗ್ತಿತ್ತು, ಮೃದಂಗದ ಒಂದು ಗಟ್ಟಿ ಪೆಟ್ಟು ಬಿದ್ದ ತಕ್ಷಣ ಎಲ್ಲಾ ಕೂಡ್ತಿತ್ತು. ಹೋಲಿಕೆ ಪೂರ್ತಿ ಸರಿ ಅಲ್ಲ, ಮೃದಂಗದವರಿಗೆ ತಾಳ ಗೊತ್ತಿರತ್ತೆ, ನಮ್ಮ ಬಿಲ್ಲೆಗೆ ಏನೂ ಗೊತ್ತಿಲ್ಲ. ಲೀಡರ್ ಅನ್ನೋ ಹೆಸರೂ ಹಾಗೇ ಸ್ವಲ್ಪ ದಾರಿ ತಪ್ಪಿಸತ್ತೆ, ಅದು ಯಾರಿಗೂ ಅಪ್ಪಣೆ ಕೊಡಲ್ಲ, ಒಂಟಿಯಾಗಿ ಬಿಟ್ರೆ ಅದೂ ಸುಮ್ನೆ ಕೂತಿರತ್ತೆ.

ಮೂಲ ಪೇಪರ್‌ನವರು ಇದನ್ನ ಥರ್ಮೋಡೈನಮಿಕ್ಸ್ (ಶಾಖ, ಶಕ್ತಿಗಳ ಶಾಸ್ತ್ರ) ಭಾಷೆಯಲ್ಲಿ ವಿವರಿಸ್ತಾರೆ. ಅದರ ಬೇರು 2021ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ, ಸಣ್ಣ ರೋಬಾಟ್‌ಗಳ ಗುಂಪಿನ ಮೇಲೆ ಮಾಡಿದ ಕೆಲಸದಲ್ಲಿದೆ. ಸರಳವಾಗಿ ಹೇಳೋದಾದ್ರೆ, ಸದಾ ಅಲ್ಲಾಡ್ತಾ ಇರೋ ವ್ಯವಸ್ಥೆ ಯಾವ ಜೋಡಣೆಯಲ್ಲಿ ತನ್ನನ್ನ ತಾನು ಕಮ್ಮಿ ಕುಲುಕತ್ತೋ ಆ ಜೋಡಣೆಯಲ್ಲಿ ಹೆಚ್ಚು ಹೊತ್ತು ಉಳಿಯತ್ತೆ. ಎತ್ತಿನ ಗಾಡಿಯಲ್ಲಿ ರಾಗಿ ಮೂಟೆ ಕುಲುಕಿ ಕುಲುಕಿ ಕೊನೆಗೆ ಕುಲುಕದ ಮೂಲೆಯಲ್ಲಿ ಹೋಗಿ ಕೂರಲ್ವಾ, ಹಾಗೆ. ಲೀಡರ್ ನಡುವೆ ಕೂತ ಜೋಡಣೆ ಅಂಥ ಮೂಲೆ. ಎಲ್ಲಾ ಒಂದೇ ಥರ ಇದ್ದಾಗ ಅಂಥ ಮೂಲೆ ಇಲ್ಲ.

ಆಮೇಲೆ ನಡೆದಿದ್ದು

ಹೊಸ ಮಾಸ್ಕ್‌ನಲ್ಲಿ ಮೂರು ಅಳತೆಯ ಬೊಟ್ಟು ಹಾಕ್ಸಿದ್ವಿ: ಮಾಮೂಲಿ, ಒಂದೂವರೆ ಪಟ್ಟು ಅಗಲ, ಎರಡೂವರೆ ಪಟ್ಟು ಅಗಲ. ಒಂದೂವರೆ ಪಟ್ಟಿನದ್ದು ಚೆನ್ನಾಗಿ ಕೆಲಸ ಮಾಡ್ತು, ಅದರ ಜೊತೆ ನಾಲ್ಕು, ಆಮೇಲೆ ಐದು ಮಾಮೂಲಿ ಬಿಲ್ಲೆ ಹಾಕಿದ್ರೂ ಲಯ ನಿಂತಿತು. ಎರಡೂವರೆ ಪಟ್ಟಿನದ್ದು ಕೆಡಿಸ್ತು, ಗುಳ್ಳೆ ಅಷ್ಟು ದೊಡ್ಡದಾಗಿ ಬಿಲ್ಲೆನೇ ವಾಲ್ಕೊಂಡು, ಬೇರೆಯವು ಬಂದು ತಾಗೋಕೆ ಮೊದಲೇ ತನ್ನ ಪಾಡಿಗೆ ತಾನು ಯಾವಾಗಂದ್ರೆ ಆವಾಗ ಒಡೀತಿತ್ತು. ಬೇರೆ ಆಗಿರಬೇಕು, ಆದ್ರೆ ಸ್ವಲ್ಪವೇ ಬೇರೆ. ಎಷ್ಟು ಸ್ವಲ್ಪ ಅನ್ನೋದನ್ನ ನಮ್ಮ ಬಿಲ್ಲೆ, ನಮ್ಮ ಹನಿಗೆ ಮಾತ್ರ ಹೇಳಬಲ್ಲೆ, ಬೇರೆಯವರು ತಮ್ಮದರಲ್ಲಿ ಹುಡುಕ್ಕೋಬೇಕು.

ಹನಿ ಹಳೇದಾದ ಹಾಗೆ ಬಡಿತ ನಿಧಾನ ಆಗೋದು ಇತ್ತು, ಹೊಸ ಹನಿ ಹಾಕಿದ್ರೆ ವಾಪಸ್ ಬರ್ತಿತ್ತು. ಹಾಗಾಗಿ ಪ್ರತಿ ಹನಿಗೂ ಮೊದಲ ಹದಿನೈದು ನಿಮಿಷ ಮಾತ್ರ ಲೆಕ್ಕಕ್ಕೆ ಅಂತ ಇಟ್ಕೊಂಡ್ವಿ. ಎಂಐಟಿಯವರು ಇನ್ನೂ ಮುಂದೆ ಹೋಗಿ ಬರೀ ಪ್ಲಾಟಿನಂ ಬದಲು ಪ್ಲಾಟಿನಂ ಜೊತೆ ರುಥೇನಿಯಂ ಅನ್ನೋ ಲೋಹ ಅಥವಾ ಚಿನ್ನ ಸೇರಿಸಿ ಬಿಲ್ಲೆ ಮೇಲೇ ಫ್ಯುಯೆಲ್ ಸೆಲ್ (ಇಂಧನದ ರಾಸಾಯನಿಕ ಕ್ರಿಯೆಯಿಂದ ವಿದ್ಯುತ್ ಕೊಡೋ ಸಾಧನ) ಮಾಡಿ, ಈ ಬಡಿತದಿಂದ ಏರಿಳಿಯೋ ವಿದ್ಯುತ್ ತೆಗೆದು ಒಂದು ಸೂಕ್ಷ್ಮ ರೋಬಾಟ್ ತೋಳನ್ನ ಅದೇ ತಾಳಕ್ಕೆ ಬಗ್ಗಿಸಿ ತೋರಿಸಿದಾರೆ. ನಾವು ಅಲ್ಲಿಗೆ ಹೋಗಲಿಲ್ಲ, ಅವಳ ಪ್ರಾಜೆಕ್ಟ್ ಸಮಯ ಮುಗಿದಿತ್ತು. ಆ ನಾಲ್ಕು ತಿಂಗಳು ಇದ್ದಿದ್ರೆ ಬಹುಶಃ ಹೋಗ್ತಿದ್ವಿ, ಅದು ನನಗೆ ಈಗಲೂ ನೋವಿದೆ, ಯಾಕಂದ್ರೆ ಮಾಸ್ಕ್ ಕೇಳಿದವಳು ಅವಳು, ಬೇಡ ಅಂದವನು ನಾನು.

ಈ ಪ್ರಕರಣದಿಂದ ಲ್ಯಾಬ್‌ನಲ್ಲಿ ಬದಲಾಗಿದ್ದನ್ನೂ ಹೇಳಿಬಿಡ್ತೀನಿ. ಮೊದಲನೇದು, ಬಡಿತದ ಕೆಲಸದಲ್ಲಿ ಸರಾಸರಿಯ ಟೇಬಲ್ ಒಂದೇ ತಂದ್ರೆ ಮೇಡಂ ಒಪ್ಪಲ್ಲ, ಗೀಟಿನ ಚಿತ್ರ ಜೊತೆಗೆ ಬೇಕು. ಗುಂಪಿನ ಲಯ ಅನ್ನೋದು ಒಂದು ಒಡೆತಕ್ಕೂ ಮುಂದಿನ ಒಡೆತಕ್ಕೂ ನಡುವಿನ ಸಂಬಂಧದಲ್ಲಿ ಇರತ್ತೆ, ಸರಾಸರಿ ತೆಗೆದ ಕೂಡಲೇ ಮೊದಲು ಅಳಿಸಿಹೋಗೋದು ಅದೇ. ಇನ್ನೊಂದು, ರಿಜೆಕ್ಟ್ ಮಾಡೋ ನಿಯಮವನ್ನ ಪ್ರಯೋಗ ಶುರು ಆಗೋಕೆ ಮೊದಲು ಬರೆದಿಡ್ತೀವಿ, ರಿಜೆಕ್ಟ್ ಆದ ಬಿಲ್ಲೆಯ ವಿಡಿಯೋವನ್ನೂ ಗೀಟು ಹಾಕಿಯೇ ಬದಿಗಿಡ್ತೀವಿ. ಬಿಲ್ಲೆ 17 ಸಿಕ್ಕಿದ್ದು ಅವಳು ಯಾಕೆ ಬಿಟ್ಟೆ ಅನ್ನೋದನ್ನ ಒಂದು ಸಾಲು ಬರೆದಿಟ್ಟಿದ್ದರಿಂದ, ಆ ಸಾಲು ಇಲ್ದಿದ್ರೆ ಅದು ಬರೀ ಹೆಸರಿಲ್ಲದ ಒಂದು ಫೈಲ್. ಮತ್ತೆ ಒಂದು ಗುಂಪು ಕೆಟ್ಟಾಗ ಮೊದಲು ಕಣವನ್ನ ನೋಡೋದೋ ಕಣಗಳ ನಡುವಿನದನ್ನ ನೋಡೋದೋ ಅನ್ನೋ ಪ್ರಶ್ನೆಗೆ ಈಗ ನಾವು ಒಂದು ಮಧ್ಯಾಹ್ನ ಕೊಟ್ಟು, ಬೇಕಂತಲೇ ವ್ಯತ್ಯಾಸ ಹಾಕಿ ನೋಡ್ತೀವಿ, ಸರಿಮಾಡೋ ಕೆಲಸ ಅದಾದ ಮೇಲೆ.

ಅವಳು ಈಗ ಬೇರೆ ಕಡೆ ಪಿಎಚ್‌ಡಿ ಮಾಡ್ತಿದಾಳೆ. ರಿಜೆಕ್ಟ್ ಡಬ್ಬಿ ನಮ್ಮ ಹತ್ರನೇ ಇದೆ, ಅವಳ ಅಕ್ಷರದಲ್ಲಿ ಪ್ರತಿ ಬಿಲ್ಲೆಯ ನಂಬರ್, ಬೊಟ್ಟಿನ ಅಳತೆ ಬರೆದಿರೋ ಚೀಟಿ ಸಮೇತ. ಅವಳ ನಂತರ ಬಂದ ಹುಡುಗ ಹೋದ ತಿಂಗಳಿಂದ ಅದರಲ್ಲಿ ಬೊಟ್ಟು ದೊಡ್ಡದಿರೋ ಎರಡು ಆರಿಸ್ಕೊಂಡು, ಒಂದೇ ಹನಿಗೆ ಎರಡು ಲೀಡರ್ ಹಾಕಿದ್ರೆ ಏನಾಗತ್ತೆ ಅಂತ ನೋಡ್ತಿದಾನೆ. ಕೆಲವು ವಿಡಿಯೋದಲ್ಲಿ ಒಂದು ನೆತ್ತಿಗೆ ಬಂದು ಇನ್ನೊಂದನ್ನ ಬದಿಗೆ ಸರಿಸತ್ತೆ, ಕೆಲವದರಲ್ಲಿ ಎರಡೂ ಜಾಗ ಬದಲಾಯಿಸ್ತಾ ಇರ್ತವೆ. ಗೀಟುಗಳು ಇನ್ನೂ ಯಾವ ಕಡೆಗೂ ಹೇಳ್ತಿಲ್ಲ, ಅವನು ಒಂದನ್ನೂ ಬಿಡದೆ ಗೋಡೆಗೆ ಅಂಟಿಸ್ತಾ ಇದಾನೆ.